ಊರು ಬದಲಿಸುವ ಮುನ್ನ ಓಣಿ ನೋಡಿ: ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಎಲ್ಲರ ಜೊತೆ ಬಾಳುವ ಜಾಗ ಹುಡುಕುವುದು ಹೇಗೆ

ನಮ್ಮ ಮನೆಯಲ್ಲಿ ಎರಡು ಧರ್ಮ. ನಾನು ಲಿಂಗಾಯತರ ಮನೆಯಲ್ಲಿ ಹುಟ್ಟಿದವನು, ನನ್ನ ಹೆಂಡತಿ ಮುಸ್ಲಿಮರ ಮನೆಯ ಮಗಳು. ಮದುವೆಗಾಗಿ ಯಾರೂ ಯಾವುದನ್ನೂ ಬಿಟ್ಟಿಲ್ಲ. ದೇವರ ಜಗುಲಿಯ ಮೇಲೆ ಬಸವಣ್ಣನ ಫೋಟೊ ಇದೆ, ಒಳಕೋಣೆಯಲ್ಲಿ ನಮಾಜಿಗೆ ಹಾಸುವ ಜಾನಮಾಜ್ ಇದೆ. ನನ್ನದು ವರ್ಗಾವಣೆಯ ನೌಕರಿ. ಯಾದಗಿರಿ, ಬೀದರ್, ಕಲಬುರಗಿ ಮೂರೂ ಊರಲ್ಲಿ ಸಂಸಾರ ಮಾಡಿದ್ದೇವೆ, ಒಟ್ಟು ಆರು ಬಾಡಿಗೆ ಮನೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳುವ ಮೊದಲೇ ನಮ್ಮ ತಲೆಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತಿತ್ತು. ಇಲ್ಲಿ ನಮ್ಮನ್ನು ನಾವು ಇದ್ದ ಹಾಗೆ ಇರಲು ಬಿಡುತ್ತಾರಾ?

ಈಗ ಅದೇ ಪ್ರಶ್ನೆಯನ್ನು ಬೇರೆಯವರು ನನ್ನ ಹತ್ತಿರ ತರುತ್ತಾರೆ. ವರ್ಗ ಆಗಿ ಬಂದ ಕ್ರೈಸ್ತ ನರ್ಸ್, ಬೌದ್ಧ ಧರ್ಮ ಸೇರಿದ ಗೆಳೆಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬಂದ ಹೊರ ರಾಜ್ಯದವರು. “ಯಾವ ಊರು ಚಲೋ?” ಅಂತ ಕೇಳುತ್ತಾರೆ. ಊರಿನ ಹೆಸರು ಹೇಳಿ ಸುಮ್ನೆ ಕಳಿಸಿದರೆ ಅವರಿಗೆ ಮೋಸ ಮಾಡಿದಂತೆ. ಒಂದೇ ಊರಲ್ಲಿ, ಒಂದೇ ರಸ್ತೆಯ ಆಚೆ ಈಚೆ, ಎರಡು ಓಣಿ ಎರಡು ಥರ ಇರುತ್ತವೆ. ಅದಕ್ಕೇ ಹುಡುಕುವ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ಮನೆಗೆ ಏನು ಬೇಕು, ಬರೆದಿಟ್ಟುಕೊಳ್ಳಿ

ಒಂದು ಹಾಳೆ ಸಾಕು. ಮನೆಯಲ್ಲಿ ಮಾಂಸದ ಅಡುಗೆ ಮಾಡುತ್ತೀರಾ? ವಾರಕ್ಕೊಮ್ಮೆ ಚರ್ಚು, ಜುಮ್ಮಾ, ಸತ್ಸಂಗ ಬೇಕಾ, ಎಷ್ಟು ದೂರದೊಳಗೆ? ಮನೆಯಲ್ಲಿ ಹತ್ತು ಜನ ಸೇರಿ ಪ್ರಾರ್ಥನೆ, ಭಜನೆ ಮಾಡುವುದಿದೆಯಾ? ಮಕ್ಕಳ ಹೆಸರು ಕೇಳಿದರೆ ಧರ್ಮ ಗೊತ್ತಾಗುತ್ತದಾ? ದೇವರನ್ನೇ ನಂಬದವರಾದರೆ ಅದನ್ನೂ ಬರೆಯಿರಿ. ಹಬ್ಬಕ್ಕೆ ಪಟ್ಟಿ (ಚಂದಾ) ಕೇಳಲು ಬಂದವರಿಗೆ ಇಲ್ಲ ಅನ್ನುವ ಜಾಗವೂ ಬೇಕಾಗುತ್ತದೆ. ಇದರಲ್ಲಿ ಯಾವುದನ್ನು ಬಿಟ್ಟುಕೊಡಲು ಆಗುವುದೇ ಇಲ್ಲವೋ ಅದರ ಕೆಳಗೆ ಗೆರೆ ಎಳೆಯಿರಿ. ನಮ್ಮ ಹಾಳೆಯಲ್ಲಿ ಗೆರೆ ಇದ್ದದ್ದು ಒಂದಕ್ಕೇ: ಹೆಂಡತಿಯ ಹೆಸರು ಮುಚ್ಚಿಡುವುದಿಲ್ಲ.

ಹೆಜ್ಜೆ 2: ಈ ಸೀಮೆಯ ಹಳೆಯ ನಂಟು ತಿಳಿದುಕೊಳ್ಳಿ, ಹಳೆಯ ಗಾಯವನ್ನೂ

ಕೂಡಿ ಬಾಳುವುದು ಈ ಸೀಮೆಗೆ ಹೊರಗಿನಿಂದ ಬಂದ ಪಾಠ ಅಲ್ಲ. ಕಲಬುರಗಿಯಲ್ಲಿ ಖ್ವಾಜಾ ಬಂದೇ ನವಾಜ್ ದರ್ಗಾ ಇದೆ. ಅವರು ತೀರಿಕೊಂಡದ್ದು 1422ರಲ್ಲಿ, ಉರುಸಿಗೆ ಇವತ್ತಿಗೂ ಎಲ್ಲಾ ಮಂದಿ ಹೋಗುತ್ತಾರೆ. ಅದೇ ಊರಲ್ಲಿ ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿ ಇದೆ, ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು. ಸೇಡಂ ರಸ್ತೆಯ ಕಡೆ 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ ಇದೆ.

ಬೀದರಿನಲ್ಲಿ ಗುರುದ್ವಾರ ನಾನಕ್ ಝೀರಾ ಸಾಹಿಬ್ ಇದೆ. ಲಂಗರಿನಲ್ಲಿ ಯಾರು ಹೋದರೂ ಊಟ. ಗುರು ಗೋವಿಂದ ಸಿಂಗರ ಪಂಚ ಪ್ಯಾರೆಗಳಲ್ಲಿ (ಮೊದಲು ದೀಕ್ಷೆ ಪಡೆದ ಐವರಲ್ಲಿ) ಒಬ್ಬರಾದ ಸಾಹಿಬ್ ಸಿಂಗ್ ಬೀದರಿನವರು. ಮೆಥೊಡಿಸ್ಟ್ ಚರ್ಚಿನವರು ತಲೆಮಾರುಗಳಿಂದ ಇಲ್ಲಿದ್ದಾರೆ, ಹಳ್ಳಿಗಳಲ್ಲೂ ಇದ್ದಾರೆ. ಹತ್ತಿರದ ಅಷ್ಟೂರಿಗೆ ಹೋಗಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಂಬಜ್ ನೋಡಿ. ಅವನನ್ನು ಮುಸ್ಲಿಮರು ವಲಿ (ಸಂತ) ಅಂತಾರೆ, ಲಿಂಗಾಯತರು ಅಲ್ಲಮಪ್ರಭು ಅಂತಾರೆ. ಜಾತ್ರೆಗೆ ಮಡಿಯಾಳದಿಂದ ಜಂಗಮರು ಬರುತ್ತಾರೆ, ಸುಲ್ತಾನನ ಗೋರಿಯ ಮುಂದೆ ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಹುಮನಾಬಾದಿನ ಹತ್ತಿರ ಮಾಣಿಕನಗರ. ಅಲ್ಲಿಯ ಮಾಣಿಕ ಪ್ರಭುಗಳು (1817–1865) ಕಟ್ಟಿದ ಸಂಪ್ರದಾಯದ ಹೆಸರೇ ಸಕಲಮತ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ಸಂತ ತಿಂಥಣಿ ಮೌನೇಶ್ವರ ಇದ್ದಾನೆ. ಅವನ ಜಯಕಾರದಲ್ಲಿ ಪೀರ (ಸೂಫಿ ಗುರು) ಅನ್ನುವ ಮಾತೂ ಬರುತ್ತದೆ. ಕೊಡೇಕಲ್ಲಿನ ಬಸವಣ್ಣ ಅನ್ನುವ ಸಂತನ ಪರಂಪರೆಯೂ ಎರಡೂ ಧರ್ಮವನ್ನು ಕೂಡಿಸಿಕೊಂಡು ಬೆಳೆದದ್ದು. ಇತ್ತ ಕಡಕೋಳದ ಮಡಿವಾಳಪ್ಪನ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಬರು ಒಬ್ಬರು. ಗುರುವಿನಂತೆ ಅವರೂ ತತ್ವಪದ ಕಟ್ಟಿದರು. ಅವರ ಪದಗಳನ್ನು ಭಜನೆಯ ಮೇಳದವರು ಇವತ್ತಿಗೂ ಹಾಡುತ್ತಾರೆ.

ಇಷ್ಟು ಓದಿ ಸಮಾಧಾನ ಪಟ್ಟು ಮನೆ ಹಿಡಿಯಬೇಡಿ. ಇದೇ ನೆಲದಲ್ಲಿ 1948 ಕೂಡ ನಡೆದಿದೆ. ಆ ವರ್ಷ ಹೈದರಾಬಾದ್ ನಿಜಾಮನ ಪರ ನಿಂತಿದ್ದ ರಜಾಕಾರರು ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ಹಿಂದೂಗಳನ್ನು ಕೊಂದರು. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಆದಮೇಲೆ ಬೀದರ್, ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳಾದವು. ಇದನ್ನು ನೋಡಿಬರಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಇವೆರಡನ್ನೂ ಹೆಸರಿಸಿತು. ಎರಡೂ ಕಡೆಯ ಮನೆಗಳಲ್ಲಿ ಈ ನೆನಪು ಇನ್ನೂ ಇದೆ. ಓಣಿಯ ಹಿರಿಯರ ಹತ್ತಿರ ಕುಳಿತಾಗ ಆ ಕಾಲದ ಮಾತು ತಾನಾಗಿಯೇ ಬರುತ್ತದೆ. ಆಗ ಗಮನವಿಟ್ಟು ಕೇಳಿ. “ನಮ್ಮವರನ್ನು ಕೊಂದರು” ಅಂತ ಮಾತ್ರ ಹೇಳುತ್ತಾರಾ, ಅಥವಾ “ಆಚೆ ಮನೆಯವರು ನಮ್ಮನ್ನು ಮುಚ್ಚಿಟ್ಟು ಉಳಿಸಿದರು” ಅನ್ನುವುದನ್ನೂ ಹೇಳುತ್ತಾರಾ? ಎರಡನೇ ಮಾತು ಬಂದ ಓಣಿಯಲ್ಲಿ ನನಗೆ ಧೈರ್ಯ ಬರುತ್ತದೆ.

ಹೆಜ್ಜೆ 3: ಕಾಗದದ ಮೇಲೆ ಸಿಗುವುದನ್ನು ನೋಡಿ

ಜನಗಣತಿಯ ಸಿ-1 ಪಟ್ಟಿಯಲ್ಲಿ ಜಿಲ್ಲೆ, ತಾಲ್ಲೂಕು, ಪಟ್ಟಣದ ಮಟ್ಟದಲ್ಲಿ ಯಾವ ಧರ್ಮದವರು ಎಷ್ಟಿದ್ದಾರೆ ಅಂತ ಸಿಗುತ್ತದೆ. 2021ರ ಗಣತಿ ಮುಂದಕ್ಕೆ ಹೋದದ್ದರಿಂದ ನೋಡಬೇಕಾದ್ದು 2011ರ ಪಟ್ಟಿ. ಆಗ ಕಲಬುರಗಿ ನಗರದಲ್ಲಿ ಸುಮಾರು 5.33 ಲಕ್ಷ ಜನ, ಬೀದರಿನಲ್ಲಿ 2.16 ಲಕ್ಷ, ಯಾದಗಿರಿಯಲ್ಲಿ 74 ಸಾವಿರ. ಊರಿನ ಗಾತ್ರ ಕೂಡ ಮುಖ್ಯ. ದೊಡ್ಡ ಊರಲ್ಲಿ ನಿಮ್ಮನ್ನು ಯಾರೂ ಗಮನಿಸುವುದಿಲ್ಲ. ಯಾದಗಿರಿಯಂಥ ಊರಲ್ಲಿ ಹದಿನೈದು ದಿನದಲ್ಲಿ ಎಲ್ಲರಿಗೂ ನೀವು ಯಾರು ಅಂತ ಗೊತ್ತಾಗಿರುತ್ತದೆ. ಒಳ್ಳೆಯ ಓಣಿ ಆದರೆ ಅದೇ ನಿಮಗೆ ಕಾವಲು.

ಆಮೇಲೆ ಹಳೆಯ ಪತ್ರಿಕೆಗಳು. ಊರಿನ ಹೆಸರಿನ ಜೊತೆ “ಕಲ್ಲು ತೂರಾಟ”, “ನಿಷೇಧಾಜ್ಞೆ”, “ಶಾಂತಿ ಸಭೆ” ಅಂತ ಹುಡುಕಿ, ಹತ್ತು ವರ್ಷ ಹಿಂದಕ್ಕೆ ಹೋಗಿ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆದರೆ ಸೂಕ್ಷ್ಮ ಪ್ರಕರಣಗಳಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ಅಲ್ಲಿ ಏನೂ ಕಾಣಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಧರ್ಮದ ಹೆಸರಲ್ಲಿ ದ್ವೇಷ ಹಚ್ಚಿದ ಕೇಸುಗಳು ಮೊದಲು ಐಪಿಸಿ 153ಎ, 295ಎ ಕೆಳಗೆ ಬರುತ್ತಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196, 299 ಅಂತ ನೋಡಬೇಕು.

ಒಂದು ತಕರಾರು ಇದೆ ಅಂತ ಊರನ್ನೇ ಪಟ್ಟಿಯಿಂದ ಹೊಡೆದುಹಾಕಬೇಡಿ. ಆಳಂದದ ಲಾಡ್ಲೆ ಮಶಾಕ್ ದರ್ಗಾ ಆವರಣದಲ್ಲಿರುವ ರಾಘವ ಚೈತನ್ಯ ಶಿವಲಿಂಗದ ಪೂಜೆಯ ವಿಚಾರ ಕೋರ್ಟಿಗೆ ಹೋಗಿದೆ. 2025ರ ಶಿವರಾತ್ರಿಗೆ ಹೈಕೋರ್ಟಿನ ಕಲಬುರಗಿ ಪೀಠ 15 ಮಂದಿಗೆ ಪೂಜೆಗೆ ಅವಕಾಶ ಕೊಟ್ಟಿತು. ಇಂಥ ಸುದ್ದಿ ಓದಿದಾಗ ನಾನು ಕೇಳಿಕೊಳ್ಳುವುದು ಮರುದಿನದ ಬಗ್ಗೆ. ಸಂತೆ ನಡೆಯಿತಾ? ಯಾರ ಅಂಗಡಿ ತೆರೆದಿತ್ತು, ಗಿರಾಕಿ ಯಾರು ಬಂದರು?

ಹೆಜ್ಜೆ 4: ಸರಿಯಾದ ದಿನ ನೋಡಿ ಹೋಗಿ

ಕನಿಷ್ಠ ಎರಡು ಸಲ ಹೋಗಿ. ಒಂದು ಸುಮ್ಮನಿರುವ ದಿನ, ಒಂದು ಹಬ್ಬದ ದಿನ.

ಇಸ್ಲಾಮಿ ತಿಂಗಳುಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಅದರಿಂದ ಕೆಲವು ವರ್ಷ ಹಬ್ಬಗಳು ಎದುರುಬದುರಾಗುತ್ತವೆ. 2023ರ ಸೆಪ್ಟೆಂಬರ್ 28ಕ್ಕೆ ಈದ್ ಮಿಲಾದ್, ಅವತ್ತೇ ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ. 2024, 2025ರಲ್ಲೂ ಎರಡರ ನಡುವೆ ಒಂದೇ ದಿನದ ಅಂತರ. ಇಂಥ ವರ್ಷ ಊರು ಏನು ಮಾಡಿತು ಅನ್ನುವುದನ್ನು ಕೇಳಿ ತಿಳಿದುಕೊಳ್ಳಿ. ಠಾಣೆಯಲ್ಲಿ ಶಾಂತಿ ಸಭೆ ಕರೆದಾಗ ಯಾರು ಯಾರು ಬಂದರು? ಒಬ್ಬರ ಮೆರವಣಿಗೆಯನ್ನು ಒಂದು ದಿನ ಆಚೆ ಹಾಕಲು ಹಿರಿಯರು ಒಪ್ಪಿದರಾ? ಹುಡುಗರು ಹಿರಿಯರ ಮಾತು ಕೇಳಿದರಾ? ಕೊನೆಯ ಪ್ರಶ್ನೆಗೆ ಉತ್ತರ ಪೊಲೀಸರಿಗಿಂತ ಚಹಾದ ಅಂಗಡಿಯವನಿಗೆ ಜಾಸ್ತಿ ಗೊತ್ತಿರುತ್ತದೆ.

ಮೆರವಣಿಗೆ ದಿನ ಮಸೀದಿಯ ಮುಂದೆ, ಗುಡಿಯ ಮುಂದೆ ಒಂದು ತಾಸು ನಿಂತು ನೋಡಿ. ಅಲ್ಲಿಗೆ ಬಂದಾಗ ಡಿಜೆ ಸದ್ದು ಏರುತ್ತದಾ ಇಳಿಯುತ್ತದಾ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಚ್ಚಬಾರದು ಅನ್ನುವ ನಿಯಮ 2000ದಿಂದ ಇದೆ. ಅದು ಎಲ್ಲರಿಗೂ ಒಂದೇ ಆಗಿದ್ದರೆ ಊರಿನ ಆಡಳಿತ ನೆಟ್ಟಗಿದೆ.

ಹಬ್ಬಗಳಲ್ಲೆಲ್ಲ ನನ್ನ ಮನಸ್ಸಿಗೆ ಹತ್ತಿರದ್ದು ಮೊಹರಂ. ನಮ್ಮ ಕಡೆ ಹಳ್ಳಿಗಳಲ್ಲಿ ಅಲಾಯಿ ದೇವರನ್ನು (ಮೊಹರಂನ ಪಂಜಾಗಳನ್ನು) ಕೂಡಿಸುವುದರಲ್ಲಿ, ಡೋಲಿ ಹೊರುವುದರಲ್ಲಿ, ಹೆಜ್ಜೆ ಹಾಕುವುದರಲ್ಲಿ ಎಲ್ಲಾ ಜಾತಿಯವರೂ ಇರುತ್ತಾರೆ. ಈ ವರ್ಷಗಳಲ್ಲಿ ಅದು ಮುಂಗಾರು ಬಿತ್ತನೆಯ ಹೊತ್ತಿಗೆ ಬರುತ್ತಿದೆ. ನೀವು ನಗರದಲ್ಲೇ ಮನೆ ಹಿಡಿಯುವವರಾದರೂ ಸುತ್ತಲಿನ ಒಂದು ಹಳ್ಳಿಗೆ ಆ ರಾತ್ರಿ ಹೋಗಿ ಬನ್ನಿ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಯಾರು ನಿಂತಿದ್ದಾರೆ, ಸಕ್ಕರೆ ಓದಿಸಲು (ದೇವರಿಗೆ ಸಕ್ಕರೆ ಅರ್ಪಿಸಲು) ಯಾರ ಮನೆಯ ಹೆಣ್ಣುಮಕ್ಕಳು ಬಂದಿದ್ದಾರೆ ನೋಡಿ. ಇತ್ತೀಚೆಗೆ ಅದು ನಿಂತುಹೋಗಿದ್ದರೆ ಯಾಕೆ ನಿಂತಿತು ಅಂತ ಕೇಳಿ. ಖರ್ಚಿಗಾಗಿ ನಿಂತದ್ದು ಬೇರೆ, ಯಾರೋ ಬೇಡ ಅಂದದ್ದಕ್ಕೆ ನಿಂತದ್ದು ಬೇರೆ.

ಹೆಜ್ಜೆ 5: ಓಣಿಯಲ್ಲಿ ನಡೆಯಿರಿ, ಕಿವಿ ತೆರೆದಿಡಿ

ಬೆಳಿಗ್ಗೆ ಹಾಲಿನ ಹೊತ್ತಿಗೆ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ಮುಖ್ಯವಾಗಿ ಜನ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಕೇಳಿ. ಕಿರಾಣಿ ಅಂಗಡಿಯ ಸಾಬರಿಗೆ ಲಿಂಗಾಯತರ ಹುಡುಗ “ಚಾಚಾ” ಅಂತಾನಾ? ಅವರು ಇವನ ತಾಯಿಗೆ “ಅಕ್ಕಾ” ಅಂತಾರಾ? ತರಕಾರಿ ಗಾಡಿಯ ಹೆಂಗಸು ಕನ್ನಡದಿಂದ ದಖನಿ ಉರ್ದುವಿಗೆ, ಬೀದರಿನಲ್ಲಾದರೆ ಮರಾಠಿಗೂ, ತಿರುಗಿ ತಿರುಗಿ ಮಾತಾಡುತ್ತಾಳಾ? ಬೀದರಿನ ಬಿದರಿ ಕೆಲಸದ ಓಣಿಯಲ್ಲಿ ಕುಳಿತು ನೋಡಿ. ಕೋಟೆಯ ಮಣ್ಣಿನಲ್ಲಿ ಅದ್ದಿ ಕಪ್ಪು ತರಿಸುವ ಆ ಕಸುಬಿನಲ್ಲಿ ಎರಡೂ ಧರ್ಮದ ಕೈಗಳಿವೆ. ಕೂಡಿ ದುಡಿಯುವ ಕಡೆ ಜಗಳ ಬೆಳೆಸುವುದು ಕಷ್ಟ, ಯಾಕಂದರೆ ಮರುದಿನ ಮತ್ತೆ ಅದೇ ಭಟ್ಟಿಯ ಮುಂದೆ ಕೂಡಬೇಕು.

ಜಾತಿಯನ್ನು ಮರೆತು ಧರ್ಮದ ಮಾತು ಮಾತ್ರ ಆಡಿದರೆ ನಿಮ್ಮ ಹುಡುಕಾಟ ಅರ್ಧಕ್ಕೇ ನಿಲ್ಲುತ್ತದೆ. ದಲಿತರ ಮನೆಗಳು ಎಲ್ಲಿವೆ? ಅಲ್ಲಿಗೂ ಅದೇ ರಸ್ತೆ, ಅದೇ ನಲ್ಲಿ ನೀರು ಇದೆಯಾ? ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ ಉಳಿದ ಓಣಿಯವರು ನೀರು, ಮಜ್ಜಿಗೆ ಕೊಡುತ್ತಾರಾ? ನೆರೆಯವರಿಗೇ ನೀರು ಕೊಡದ ಓಣಿ ನಿಮಗೆ ಎಷ್ಟು ದಿನ ಕೊಟ್ಟೀತು?

ಹೆಜ್ಜೆ 6: ಮನೆ ಕೇಳುವಾಗ ಹೆಸರು ಮೊದಲು ಹೇಳಿ

“ಯಾವ ಮಂದಿರಿ ನೀವು?” ನಮ್ಮ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದ ತಕ್ಷಣ ಸಿಟ್ಟಾಗಬೇಡಿ. ಎಷ್ಟೋ ಜನ ಬರೀ ಪರಿಚಯಕ್ಕೆ ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಅವರ ಮುಖ ಏನಾಗುತ್ತದೆ ಅನ್ನುವುದು ನಿಮಗೆ ಬೇಕಾದ ಸಂಗತಿ.

ಒಂದು ಊರಲ್ಲಿ ನಮಗೆ ಮೇಲಿನ ಮಹಡಿಯ ಮನೆ ಇಷ್ಟವಾಗಿತ್ತು. ಎರಡು ಕೋಣೆ, ಅಂಗಳದಲ್ಲಿ ಬೇವಿನ ಮರ. ಮನೆಯ ಅವ್ವ ಚಾ ಕೊಟ್ಟಳು, ಅಡ್ವಾನ್ಸಿನ ಮಾತೂ ಮುಗಿಯಿತು. ಬೆರಳಿಗೆ ಬೀಗದ ಕೈ ಗೊಂಚಲು ಹಾಕಿಕೊಂಡು ತಿರುಗಿಸುತ್ತಾ “ಮನಿಯವರ ಹೆಸರೇನ್ರಿ?” ಅಂದಳು. ಹೇಳಿದೆ. ಗೊಂಚಲು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು “ನಮಗೇನ್ ಇಲ್ರಿ ಯಪ್ಪಾ, ಮಂದಿ ಏನಂತಾರ ಅಂತ” ಅಂದಳು. ನನಗೆ ಮಾತೇ ಹೊರಡಲಿಲ್ಲ. ನನ್ನ ಹೆಂಡತಿ ಬಸಿ ಕೆಳಗಿಟ್ಟು, “ಇರಲಿ ಬಿಡ್ರಿ ಅವ್ವಾ, ಚಾ ಚಲೋ ಇತ್ತು” ಅಂತ ಎದ್ದಳು. ಆ ಅವ್ವ ಕೆಟ್ಟವಳಲ್ಲ, ಅವಳ ಕಣ್ಣಲ್ಲಿ ನಾಚಿಕೆ ಇತ್ತು. ಆದರೆ ಅವಳು ಹೆದರಿದ “ಮಂದಿ” ಆ ಓಣಿಯಲ್ಲಿ ಇದ್ದರು. ಮನೆ ಸಿಕ್ಕಿದ್ದರೂ ನಾವು ಅವರ ನಡುವೆಯೇ ಇರಬೇಕಾಗಿತ್ತು.

ಅವತ್ತಿನಿಂದ ನಾನು ಫೋನಿನಲ್ಲೇ ಇಬ್ಬರ ಹೆಸರೂ ಹೇಳುತ್ತೇನೆ. ಮಾಂಸದ ಅಡುಗೆ ಮಾಡುತ್ತೇವೆ ಅಂತಲೂ ಹೇಳುತ್ತೇನೆ. “ವೆಜ್ ಇದ್ದರೆ ಮಾತ್ರ” ಅನ್ನುವುದು ಕೆಲವರಿಗೆ ನಿಜವಾಗಿಯೂ ಅಡುಗೆಯ ಮಾತು, ಕೆಲವರಿಗೆ ಬೇರೆ ಮಾತನ್ನು ಮುಚ್ಚುವ ಪರದೆ. ಸಸ್ಯಾಹಾರಿಯಾದ ನಿಮ್ಮ ಕ್ರೈಸ್ತ ಗೆಳೆಯನಿಗೆ ಅದೇ ಮನೆ ಕೊಡುತ್ತಾರಾ ಅಂತ ಕೇಳಿ ನೋಡಿ, ಗೊತ್ತಾಗುತ್ತದೆ. ಹತ್ತು ಫೋನಿನಲ್ಲಿ ಎಷ್ಟು ಕಡೆ “ಬಂದು ನೋಡ್ರಿ” ಅಂದರು ಅಂತ ಬರೆದಿಡಿ. ಆ ಸಂಖ್ಯೆಯನ್ನು ನಾನು ಜನಗಣತಿಗಿಂತ ಜಾಸ್ತಿ ನಂಬುತ್ತೇನೆ.

ಹೆಜ್ಜೆ 7: ಸಾವಿನ ವಿಚಾರ ಕೇಳಲು ಹಿಂಜರಿಯಬೇಡಿ

ಹೊಸ ಊರಿಗೆ ಹೋಗುವವರು ಇದನ್ನು ಕೇಳುವುದೇ ಇಲ್ಲ. ನಿಮ್ಮವರ ಸ್ಮಶಾನ, ಖಬರಸ್ತಾನ, ಕ್ರೈಸ್ತರ ಸಮಾಧಿ ಜಾಗ ಎಲ್ಲಿದೆ? ಹೊರಗಿನಿಂದ ಬಂದವರಿಗೆ ಅಲ್ಲಿ ಜಾಗ ಕೊಡುತ್ತಾರಾ? ದಾರಿಯ ಬಗ್ಗೆ ತಕರಾರು ಇದೆಯಾ? ಬೇರೆ ಧರ್ಮದಲ್ಲಿ ಮದುವೆಯಾದವರು ಇದನ್ನು ಮುಂಚೆಯೇ ಕೇಳಿಟ್ಟುಕೊಳ್ಳಬೇಕು, ಆ ಹೊತ್ತಿನಲ್ಲಿ ಕೇಳುತ್ತಾ ಓಡಾಡಲು ಆಗುವುದಿಲ್ಲ.

ನನ್ನ ಅತ್ತೆ ಕಲಬುರಗಿಯಲ್ಲಿ ನಮ್ಮ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಚಳಿಗಾಲದ ನಸುಕು. ನಮ್ಮದು ಹೆಚ್ಚಾಗಿ ಲಿಂಗಾಯತರು, ಕಬ್ಬಲಿಗರು ಇರುವ ಓಣಿ. ಬೆಳಗಾಗುವ ಹೊತ್ತಿಗೆ ಎದುರಿನ ಹಿಟ್ಟಿನ ಗಿರಣಿಯವನು ಯಾರೂ ಹೇಳದೆ ಗಿರಣಿ ಬಂದ್ ಮಾಡಿದ್ದ. ಜೋಳದ ಡಬ್ಬಿ ಹಿಡಿದು ಬಂದವರಿಗೆ ಕೈಸನ್ನೆಯಲ್ಲೇ ಹೊರಳಿ ಹೋಗಲು ಹೇಳುತ್ತಿದ್ದ. ಘುಸ್ಲ್ (ಕೊನೆಯ ಸ್ನಾನ) ಮಾಡಿಸಲು ಅತ್ತೆಯ ಕಡೆಯ ಹೆಣ್ಣುಮಕ್ಕಳು ಬರುವವರೆಗೆ ಓಣಿಯ ಅಕ್ಕಂದಿರು ಜಮಖಾನೆ ಹಾಸಿ ನನ್ನ ಹೆಂಡತಿಯ ಸುತ್ತ ಕುಳಿತಿದ್ದರು. ಜನಾಜಾ (ಶವ) ಎತ್ತಿದಾಗ ಓಣಿಯ ಮೂಲೆಯವರೆಗೆ ಹೆಗಲು ಕೊಟ್ಟವರಲ್ಲಿ ವಿಭೂತಿ ಹಚ್ಚಿದವರು ಇದ್ದರು. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಎದುರು ಮನೆಗಳಿಂದ ರೊಟ್ಟಿ, ಪುಂಡಿಪಲ್ಯ, ಬೇಳೆ ಬಂತು.

ಹೀಗಾಗಿ ಈಗ ಹೊಸ ಓಣಿಯಲ್ಲಿ ಕೇಳುವ ಪ್ರಶ್ನೆ ಇದು: “ಹೋದ ಸಲ ಇಲ್ಲಿ ಯಾರ ಮನೆಯಲ್ಲಿ ಸಾವಾಗಿತ್ತು, ಆಗ ಯಾರೆಲ್ಲ ಬಂದಿದ್ದರು?” ಉತ್ತರ ಕೇಳುತ್ತಾ ಹೋದರೆ ಓಣಿಯ ನಕ್ಷೆಯೇ ಸಿಗುತ್ತದೆ.

ಹೆಜ್ಜೆ 8: ಶಾಲೆ, ವಾಟ್ಸಾಪ್

ಶಾಲೆಗೆ ಊಟದ ಬಿಡುವಿನ ಹೊತ್ತಿಗೆ ಹೋಗಿ. 2021ರ ಕೊನೆಯಲ್ಲಿ ನಮ್ಮ ಭಾಗದ ಸರ್ಕಾರಿ ಶಾಲೆಗಳಲ್ಲಿ ಮೊದಲು ಮೊಟ್ಟೆ ಶುರುವಾಯಿತು, ಬೇಡವಾದವರಿಗೆ ಬಾಳೆಹಣ್ಣು. ಮೊಟ್ಟೆಯ ಮಕ್ಕಳು, ಬಾಳೆಹಣ್ಣಿನ ಮಕ್ಕಳು ಒಟ್ಟಿಗೆ ಕುಳಿತಿದ್ದಾರಾ ನೋಡಿ. ಹಬ್ಬದ ಮರುದಿನ ಬಂದ ಮಗುವಿಗೆ ಮೇಷ್ಟ್ರು ಏನು ಕೇಳುತ್ತಾರೆ ಅಂತ ಬೇರೆ ತಂದೆತಾಯಿಗಳಿಂದ ತಿಳಿದುಕೊಳ್ಳಿ.

ಓಣಿಯ ವಾಟ್ಸಾಪ್ ಗುಂಪು ನೋಡಲು ಸಿಕ್ಕರೆ ಹಿಂದಿನ ಆರು ತಿಂಗಳದ್ದು ನೋಡಿ. ದ್ವೇಷದ ವಿಡಿಯೊ ಯಾವ ಗುಂಪಿಗಾದರೂ ಬರುತ್ತದೆ. ಅದರ ಕೆಳಗೆ “ಇಂಥದ್ದು ಇಲ್ಲಿ ಹಾಕಬ್ಯಾಡ್ರಿ” ಅಂತ ಒಬ್ಬರಾದರೂ ಬರೆದಿದ್ದಾರಾ? ಆ ಒಬ್ಬರನ್ನು ಹುಡುಕಿ ಭೇಟಿ ಮಾಡಿ. ನಿಮ್ಮ ಮನೆಗೆ ಕಷ್ಟ ಬಂದಾಗ ಮೊದಲು ಬಾಗಿಲು ತಟ್ಟಬೇಕಾದ್ದು ಅವರದ್ದೇ.

ಹೆಜ್ಜೆ 9: ಹನ್ನೊಂದು ತಿಂಗಳು ಇದ್ದು ನೋಡಿ

ಸೈಟು, ಸಾಲ, ಮನೆ ಕಟ್ಟುವ ಮಾತು ಈಗಲೇ ಬೇಡ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮಾಡಿಕೊಳ್ಳಿ. ಮನೆಗೆ ಹೋದ ಮೊದಲ ವಾರದಲ್ಲೇ ಎಡಬಲದ ಮನೆಗಳಿಗೆ ನೀವೇ ಹೋಗಿ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ನಿಮ್ಮ ಮೊದಲ ಹಬ್ಬಕ್ಕೆ ಎರಡೂ ಕಡೆ ತಟ್ಟೆ ಕಳಿಸಿ, ಅವರು ತಿನ್ನುವಂಥದ್ದನ್ನೇ. ನಾವು ಈದ್‌ಗೆ ಶೀರ್ ಕುರ್ಮಾ (ಹಾಲು, ಶಾವಿಗೆಯ ಪಾಯಸ) ಕಳಿಸುತ್ತೇವೆ, ಎಲ್ಲರೂ ಕುಡಿಯುತ್ತಾರೆ. ತಟ್ಟೆ ಖಾಲಿ ಬಂದರೆ ಬೇಜಾರಾಗಬೇಡಿ, ಎರಡನೇ ಹಬ್ಬದವರೆಗೆ ಕಾಯಿರಿ. ಅವರ ಮನೆಯ ಹೋಳಿಗೆ ನಿಮ್ಮ ಬಾಗಿಲಿಗೆ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಹಿಯಾದದ್ದೇನಾದರೂ ನಡೆದರೆ ಅದನ್ನೂ ದಿನಾಂಕ ಹಾಕಿ ಬರೆದಿಡಿ. ಅಂಥದ್ದು ಮೂರು ಸಲ ನಡೆದು, ಒಮ್ಮೆಯೂ ಓಣಿಯ ಯಾರೂ ನಿಮ್ಮ ಪರವಾಗಿ ಮಾತಾಡದಿದ್ದರೆ, ಕರಾರು ಮುಗಿಯುವವರೆಗೆ ಕಾಯದೆ ಬೇರೆ ಓಣಿ ನೋಡಲು ಶುರು ಮಾಡಿ. ಊರು ಬಿಡಬೇಕಾಗಿಲ್ಲ, ಎರಡು ರಸ್ತೆ ಆಚೆ ಹೋದರೂ ಸಾಕಾಗಬಹುದು. ನಾವು ಒಮ್ಮೆ ಹಾಗೆಯೇ ಮಾಡಿದೆವು.

ಹನ್ನೊಂದು ತಿಂಗಳಲ್ಲಿ ಒಂದು ತಿಂಗಳ ಹಬ್ಬ ತಪ್ಪುತ್ತದೆ. ಅದಕ್ಕೇ ಕರಾರನ್ನು ಇನ್ನೊಮ್ಮೆ ನವೀಕರಿಸಿ, ತಪ್ಪಿದ ಆ ತಿಂಗಳನ್ನೂ ನೋಡಿ. ಸೈಟಿನ ಮಾತು ಆಮೇಲೆ ತೆಗೆಯಿರಿ.